ವಾಟದ ಬಾಣ

ತಪ್ಪು ಯಾರದೆಂದು ಗುರುಬಸವರಾಜನಿಗೆ ಬೆಳಿಗ್ಗೆ ಎಂಟೂ ಮುಕ್ಕಾಲಿಗೇ ಗೊತ್ತಾಗಿಹೋಯಿತು. ಇನ್ನು ದಿನವಿಡೀ ಅದು ಗೊತ್ತಿಲ್ಲದವನ ಹಾಗೆ ಮುಖ ಇಟ್ಟುಕೊಂಡಿರಬೇಕಲ್ಲ, ಅದೇ ತಾಪತ್ರಯ. ಚನ್ನಗಿರಿ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿಯ ಮೇಲಿರುವ ತನ್ನ ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದ. ಅರ್ಧ ಗಂಟೆಯ ಹಿಂದೆ ಬಸವಾಪಟ್ಟಣದಿಂದ ಮಹೇಶ್ವರಪ್ಪ ಫೋನು ಮಾಡಿದ್ದರು. ಅವರು ನಿವೃತ್ತ ಬಸ್ ಕಂಡಕ್ಟರು, ಫೋನಿನಲ್ಲೂ ಹಿಂದಿನ ಸೀಟಿಗೆ ಕೇಳುವ ಹಾಗೇ ಮಾತಾಡುವವರು. ಗುರುಬಸವರಾಜ್ ನಕ್ಷೆ ಬರೆದುಕೊಟ್ಟ ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ಇನ್ನು ಒಂಬತ್ತೇ ದಿನ. ನಿನ್ನೆ ಅವರ ಹೆಂಡತಿ ಸಾವಂತ್ರಮ್ಮ ತಾರಸಿ ತೊಳೆಯೋಣವೆಂದು ನಲ್ಲಿ ಬಿಟ್ಟಿದ್ದಾರೆ. ನೀರು ಈಶಾನ್ಯದ ಮೂಲೆಯಲ್ಲಿರುವ ಪೈಪಿಗೆ ಹೋಗುವುದು ಬಿಟ್ಟು ನೈಋತ್ಯಕ್ಕೆ ತಿರುಗಿ, ಮೆಟ್ಟಿಲಿನ ಬಾಗಿಲ ಸಂದಿಯಲ್ಲಿ ನುಗ್ಗಿ, ಹದಿನೇಳು ಮೆಟ್ಟಿಲನ್ನೂ ಒಂದೂ ಬಿಡದೆ ಇಳಿದು, ಕೊನೆಯ ಮೆಟ್ಟಿಲ ಮೇಲೆ ಕಟ್ಟಿಟ್ಟಿದ್ದ ಮುನ್ನೂರು ಆಮಂತ್ರಣ ಪತ್ರಿಕೆಗಳನ್ನು ತೋಯಿಸಿ, ಹಾಲ್‌ನ ನಡುವೆ ಬಂದು ನಿಂತಿದೆ. ಮೇಸ್ತ್ರಿ ಪಾಪಣ್ಣನನ್ನು ಇವತ್ತೇ ಓಡಿಸುತ್ತೇನೆ, ನೀವು ಹನ್ನೊಂದಕ್ಕೆ ಬಂದು ತಪ್ಪು ಅವನದೇ ಎಂದು ಅವನ ಎದುರಿಗೇ ಹೇಳಬೇಕು ಎಂದು ಮಹೇಶ್ವರಪ್ಪ ಅಪ್ಪಣೆ ಮಾಡಿದ್ದರು. ಖಂಡಿತ ಬರುತ್ತೇನೆ, ಈ ಮೇಸ್ತ್ರಿಗಳ ಹಣೆಬರಹವೇ ಇಷ್ಟು ಎಂದು ಗುರುಬಸವರಾಜ್ ಧಾರಾಳವಾಗಿ ಹೇಳಿ ಫೋನಿಟ್ಟಿದ್ದ. ಆಮೇಲೆ ಸುಮ್ಮನೆ, ನೋಡುವುದಕ್ಕೆ ಇರಲಿ ಎಂದು, ತಾರಸಿಯ ನಕ್ಷೆ ತೆಗೆದಿದ್ದ.

ನೀರು ಹರಿಯಲೆಂದು ತಾರಸಿಯ ಗಾರೆಗೆ ಕೊಡುವ ಇಳಿಜಾರಿಗೆ ಮೇಸ್ತ್ರಿಗಳು ವಾಟ ಅನ್ನುತ್ತಾರೆ. ನಕ್ಷೆಯಲ್ಲಿ ಅದಕ್ಕೊಂದು ಬಾಣದ ಗುರುತು ಹಾಕಬೇಕು, ಬಾಣದ ಮೂತಿ ಇಳಿಯುವ ಕಡೆಗೆ ಇರಬೇಕು. ಮೆಟ್ಟಿಲಿಗೂ ಒಂದು ಬಾಣ ಉಂಟು, ಅದರ ಮೂತಿ ಮಾತ್ರ ಹತ್ತುವ ಕಡೆಗೆ. ಈ ಎರಡು ಬಾಣಗಳ ಭೇದ ಮೊದಲ ವರ್ಷದ ಹುಡುಗರಿಗೂ ಗೊತ್ತು. ಗುರುಬಸವರಾಜನಿಗೆ ನಲವತ್ತೊಂದು. ಹೊನ್ನಾಳಿಯ ಯಾವುದೋ ಮನೆಯ ಮೆಟ್ಟಿಲಿನಿಂದ ಬಾಣವನ್ನು ಎತ್ತಿ ತಂದು ಬಸವಾಪಟ್ಟಣದ ತಾರಸಿಗೆ ಅಂಟಿಸಿದ್ದ. ಈಗ ಪರದೆಯ ಮೇಲೆ ಪೈಪು ಈಶಾನ್ಯದಲ್ಲಿತ್ತು, ಬಾಣ ಅದಕ್ಕೆ ಬೆನ್ನು ತೋರಿಸಿ ಮೆಟ್ಟಿಲಿನ ಬಾಗಿಲಿನ ಕಡೆಗೆ ಸೆಟೆದು ನಿಂತಿತ್ತು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಬಾಣ ಅಲ್ಲಾಡಲಿಲ್ಲ. ಇಂಥದ್ದು ಯಾವ ಮೇಸ್ತ್ರಿಗಾದರೂ ಮೇಲ್ನೋಟಕ್ಕೇ ಗೊತ್ತಾಗಬೇಕಾಗಿತ್ತು, ಮೂವತ್ತು ವರ್ಷ ಗಾರೆ ಕಲಸಿದ ಪಾಪಣ್ಣನಿಗೆ ಗೊತ್ತಾಗದೆ ಹೋಯಿತೇ ಎಂದು ಸಿಟ್ಟು ಬಂತು. ಅವನು ಒಂದು ಮಾತು ಕೇಳಬಹುದಿತ್ತಲ್ಲ. ಕೇಳಬಹುದಿತ್ತು ಎಂದುಕೊಂಡ ತಕ್ಷಣ, ಮೂರು ತಿಂಗಳ ಹಿಂದಿನ ಒಂದು ಬಿಸಿಲ ಹೊತ್ತು ಕಣ್ಣೆದುರು ಬಂದು ಕುಳಿತಿತು.

ಅಡುಗೆಮನೆಯ ಕಿಟಕಿಯನ್ನು ಪಾಪಣ್ಣ ನಕ್ಷೆಯಲ್ಲಿದ್ದುದಕ್ಕಿಂತ ಒಂದು ಮೊಳ ಆಚೆಗೆ ಸರಿಸಿದ್ದ. ಯಾಕೆಂದರೆ ಅಲ್ಲೇ ಇಟ್ಟರೆ ಗಾಳಿಗೆ ಒಲೆ ಆರುತ್ತದಂತೆ. ಗುರುಬಸವರಾಜ್ ಎಂಟು ಜನ ಆಳುಗಳ ಎದುರಿಗೆ, ಚಹಾ ಹಿಡಿದುಕೊಂಡು ಬಂದಿದ್ದ ಸಾವಂತ್ರಮ್ಮನ ಎದುರಿಗೆ, ಅದನ್ನು ಒಡೆಸಿ ಮತ್ತೆ ನಕ್ಷೆಯಲ್ಲಿದ್ದ ಜಾಗಕ್ಕೇ ಇಡಿಸಿದ. ಇಡಿಸಿದ್ದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. "ತಲೆ ಓಡಿಸಾಕೆ ನಾನಿದೀನಿ ಪಾಪಣ್ಣ, ನೀನು ಕೈ ಓಡಿಸು. ಶೀಟಿನಾಗ ಹೆಂಗೈತೋ ಹಂಗೆ" ಅಂದುಬಿಟ್ಟ. ಆಳುಗಳು ಕಿಸಕ್ಕೆಂದರು. ಐವತ್ತಾರು ವರ್ಷದ ಪಾಪಣ್ಣ ಹೆಗಲ ಟವೆಲಿನಿಂದ ಕತ್ತು ಒರೆಸಿಕೊಂಡು, ಆಗಲಿ ಸಾರ್ ಅಂದ. ಆ ಮಾತು ಗುರುಬಸವರಾಜನಿಗೆ ಎಷ್ಟು ಹಿಡಿಸಿತ್ತೆಂದರೆ ಸಂಜೆ ಮನೆಗೆ ಹೋಗಿ ಹೆಂಡತಿ ಶಾಂತಲಾಗೂ ಹೇಳಿದ್ದ. ಅವಳು ಪ್ರೈಮರಿ ಶಾಲೆಯ ಟೀಚರು, ಹೋಂವರ್ಕ್ ತಿದ್ದುತ್ತ ತಲೆಯೆತ್ತದೆ, ಹಂಗಾದ್ರೆ ನಮ್ಮ ಬಚ್ಚಲ ನೀರು ಯಾಕೆ ಹೊಸ್ತಿಲಿಗೇ ಬರ್ತೈತೆ ಎಂದು ಕೇಳಿದಳು. ಅವರ ಸ್ವಂತ ಮನೆಗೂ ನಕ್ಷೆ ಅವನದೇ. ನಾಲ್ಕು ವರ್ಷದಿಂದ ಸ್ನಾನ ಮಾಡಿದವರು ಪೊರಕೆ ಹಿಡಿದು ನೀರನ್ನು ಅದರ ತೂತಿನವರೆಗೆ ಕಳಿಸಿಕೊಟ್ಟು ಬರುವುದು ಆ ಮನೆಯ ಪದ್ಧತಿ.

ಅವನು ಇಂಜಿನಿಯರಲ್ಲ, ಆರ್ಕಿಟೆಕ್ಟ್. ಬೋರ್ಡಿನ ಮೇಲೆ ಹಾಗೆಂದೇ ಬರೆಸಿದ್ದಾನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿ ಹೋದರೂ ಜನ ಅವನನ್ನು ಇಂಜಿನಿಯರ್ರೇ ಅನ್ನುತ್ತಾರೆ, ಇಲ್ಲವೇ ಪ್ಲಾನ್ ಬರೆಯೋರು ಅನ್ನುತ್ತಾರೆ. ನ್ಯಾಮತಿಯ ಒಬ್ಬರಂತೂ ಆರ್ಕಿಟೆಕ್ಟ್ ಎಂದರೆ ಏನೆಂದು ಕೇಳಿ, ಎರಡು ನಿಮಿಷ ವಿವರಣೆ ಕೇಳಿಸಿಕೊಂಡು, ಹಂಗಾದ್ರೆ ನೀವು ಇಂಜಿನಿಯರ್ರಿಗಿಂತ ಸ್ವಲ್ಪ ಕಮ್ಮಿ ಅನ್ರಿ ಅಂದಿದ್ದರು. ಐದು ವರ್ಷ ಓದಿದ್ದ. ಆ ಐದು ವರ್ಷದಲ್ಲಿ ಒಂದೇ ಒಂದು ದಿನ ಅವರಿಗೆ ನಿಜವಾದ ಇಟ್ಟಿಗೆ ಕೊಟ್ಟು ನಾಲ್ಕು ವರಸೆ ಗೋಡೆ ಕಟ್ಟಿರೆಂದು ಹೇಳಿದ್ದರು. ಆರು ಜನರ ಗುಂಪಿನಲ್ಲಿ ಐವರು ಕಟ್ಟಿದರು, ಗುರುಬಸವರಾಜ್ ಫೋಟೊ ತೆಗೆದ. ಫೋಟೊ ಚೆನ್ನಾಗಿ ಬಂದಿತ್ತು, ಮೇಷ್ಟ್ರು ಅವನಿಗೇ ಹೆಚ್ಚು ಅಂಕ ಕೊಟ್ಟರು. ಅಂದಿನಿಂದ ಇಂದಿನವರೆಗೆ ಅವನು ಗಾರೆ ಮೆತ್ತುವ ಕರಣಿ ಮುಟ್ಟಿಲ್ಲ. ಗಣಕದೊಳಗೆ ಮಾತ್ರ ಅವನದು ಎತ್ತಿದ ಕೈ. ಮೂಲೆ ಸೊಟ್ಟಗಾಗದ, ಗೋಡೆ ಬಿರುಕು ಬಿಡದ, ಮಳೆಯೇ ಬಾರದ ಮನೆಗಳನ್ನು ಅವನು ಅಲ್ಲಿ ದಿನಕ್ಕೆರಡರಂತೆ ಕಟ್ಟಬಲ್ಲ. ಸೈಟಿನಲ್ಲಿ ಮೇಸ್ತ್ರಿಗಳು ಏನಾದರೂ ಕೇಳಿದರೆ ಗಂಟಲು ಸರಿಮಾಡಿಕೊಂಡು, ಶೀಟು ನೋಡಿ ಹೇಳ್ತೀನಿ ಅನ್ನುತ್ತಾನೆ. ಕೇಳುವವರು ಸುಳಿವು ಹಿಡಿದುಬಿಟ್ಟಾರೆಂಬ ಭಯಕ್ಕೇ ಅವನ ದನಿ ಮೊದಲಿನಿಂದ ಸ್ವಲ್ಪ ಜೋರು.

ಬಾಣವನ್ನು ತಿರುಗಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. ಒತ್ತಿದ, ತಿರುಗಿತು. ಉಳಿಸು ಎಂದ, ಉಳಿಸಿತು. ಹಳೆಯದರ ಮೇಲೆಯೇ ಹೊಸದು ಕೂತುಕೊಂಡು, ಬಾಣ ಹುಟ್ಟಿದಾಗಿನಿಂದ ಪೈಪಿನ ಕಡೆಗೇ ನೋಡುತ್ತಿತ್ತೇನೋ ಅನ್ನುವ ಹಾಗೆ ಸಾಧುವಾಗಿ ಕಾಣಿಸಿತು. ಒಂದು ಪ್ರತಿ ಮುದ್ರಿಸಿ ಮಡಚಿ ಚೀಲದಲ್ಲಿಟ್ಟುಕೊಂಡ. ತಪ್ಪನ್ನು ತಿದ್ದುವುದು ತಪ್ಪೇ? ಅಲ್ಲ. ಸೈಟಿನಲ್ಲಿರುವ ಹಳೆಯ ಶೀಟನ್ನು ತೆಗೆದು ಇದನ್ನು ಅಲ್ಲಿಡುವುದು? ಅದೂ ಒಂದು ತಿದ್ದುಪಡಿಯೇ ಎಂದು ಸಮಾಧಾನ ಹೇಳಿಕೊಂಡು ಕಾರು ಹತ್ತಿದ. ದಾರಿಯಲ್ಲಿ ಜಗಳೂರಿನ ಗಿರಾಕಿಯ ಫೋನು ಬಂತು. ಮನೆಯ ಬಣ್ಣದ ಚಿತ್ರ ಬಹಳ ಚೆನ್ನಾಗಿದೆ, ಆದರೆ ಬಾಲ್ಕನಿಯಲ್ಲಿ ನಿಂತಿರುವ ಆ ಬಿಳಿ ಹೆಂಗಸು ಯಾರೆಂದು ನಮ್ಮವ್ವ ಎರಡು ದಿನದಿಂದ ಕೇಳುತ್ತಿದ್ದಾಳೆ, ತೆಗೀರಿ ಎಂದ. ತೆಗೀತೀನಿ ಎಂದ ಗುರುಬಸವರಾಜ್. ಚಿತ್ರದ ಅಂದಕ್ಕೆಂದು ಅಂಟಿಸಿದವಳು, ತೆಗೆಯುವುದು ಎಷ್ಟು ಸುಲಭ, ಒತ್ತಿದರೆ ಹೆಂಗಸೇ ಇಲ್ಲ. ಸೂಳೆಕೆರೆ ಕಂಡಾಗ ಕಾರಿನ ವೇಗ ತಾನಾಗಿ ಕಡಿಮೆಯಾಯಿತು. ಇಷ್ಟೊಂದು ನೀರು ಸುತ್ತಲಿನ ಗುಡ್ಡಗಳಿಂದ ಹರಿದು ಬರಬೇಕಾದ ಕಡೆಗೇ ಬಂದು, ನಿಲ್ಲಬೇಕಾದಲ್ಲೇ ನಿಂತಿದೆ, ಯಾವ ಕಾಲದಿಂದಲೋ. ಕಟ್ಟಿದವರ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಪಾಪಣ್ಣ ಏನೇನು ಹೇಳಬಹುದು, ಅದಕ್ಕೆ ತಾನೇನು ಹೇಳಬೇಕು ಎಂದು ಮೂರು ತರದ ಉತ್ತರ ತಯಾರು ಮಾಡಿಕೊಳ್ಳುವಷ್ಟರಲ್ಲಿ ಬಸವಾಪಟ್ಟಣ ಬಂತು.

ಹಳೆಯ ಶೀಟನ್ನು ಸಿಮೆಂಟ್ ಇಡುವ ಕೋಣೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು. ಮೊಳೆ ಇತ್ತು, ಶೀಟಿರಲಿಲ್ಲ. ಹುಡುಕಿದಾಗ ನೆಲದ ಮೇಲೆ ಸಿಕ್ಕಿತು. ಸಿಕ್ಕಿದ್ದು ಅರ್ಧ. ಕೆಲಸದ ಹೆಂಗಸರು ಅದರ ಮೇಲೆ ಮಂಡಕ್ಕಿ ಮೆಣಸಿನಕಾಯಿ ಹರವಿಕೊಂಡು ತಿಂದಿದ್ದರು. ನಕ್ಷೆಯ ಮಲಗುವ ಕೋಣೆಯ ಮೇಲೆ ಎಣ್ಣೆಯ ಕಲೆ, ಹಾಲ್‌ನಲ್ಲಿ ನಾಲ್ಕು ಮಂಡಕ್ಕಿ ಕಾಳು, ತಾರಸಿಯೂ ಬಾಣವೂ ಇದ್ದ ಅರ್ಧವನ್ನು ಯಾರೋ ಕೈ ಒರೆಸಿ ಬಿಸಾಕಿದ್ದರು. ಬದುಕಿದೆ ಎಂದು ಅವನ ಬಾಯಿಂದ ಬಂದೇಬಿಟ್ಟಿತು. ಇನ್ನು ಭೂಮಿಯ ಮೇಲೆ ಆ ಬಾಣ ಉಲ್ಟಾ ಇತ್ತೆಂಬುದಕ್ಕೆ ಎಲ್ಲೂ ಸಾಕ್ಷಿಯಿಲ್ಲ. ಮಗ ಹುಟ್ಟಿದ ದಿನವೂ ಇಷ್ಟು ಹಗುರವಾಗಿರಲಿಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಮಂಡಕ್ಕಿ ಕಾಳುಗಳನ್ನು ಒಂದೊಂದಾಗಿ ಕೊಡವಿ, ಉಳಿದರ್ಧವನ್ನು ನೀಟಾಗಿ ಮಡಚಿ, ಎಲ್ಲಿಡಬೇಕೆಂದು ತಿಳಿಯದೆ ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಹದಿನೇಳು ಮೆಟ್ಟಿಲು ಹತ್ತಿದ.

ತಾರಸಿಯ ಮೇಲೆ ಮಹೇಶ್ವರಪ್ಪ ಬಕೆಟ್ಟಿನಿಂದ ನೀರು ಸುರಿದು ಸುರಿದು ತೋರಿಸುತ್ತಿದ್ದರು. ಪ್ರತಿ ಸಲವೂ ನೀರು ಒಂದಿಷ್ಟೂ ಅನುಮಾನವಿಲ್ಲದೆ ಮೆಟ್ಟಿಲಿನ ಬಾಗಿಲಿಗೇ ಹೋಗುತ್ತಿತ್ತು. ಪಾಪಣ್ಣ ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತಿದ್ದ, ಹಚ್ಚದ ಬೀಡಿ ಕಿವಿಯ ಮೇಲಿತ್ತು. ಮಹೇಶ್ವರಪ್ಪ ಅವನ ವಯಸ್ಸು, ಅನುಭವ, ಕಣ್ಣು, ಮೂರನ್ನೂ ಬಾಯಿಗೆ ಬಂದ ಹಾಗೆ ಬೈದರು. ಗೃಹಪ್ರವೇಶದ ದಿನ ಮೇಸ್ತ್ರಿಗೆ ಪಂಚೆ, ಟವೆಲು ಹೊದಿಸಿ ಮೊದಲ ಪಂಕ್ತಿಗೆ ಕೂರಿಸುವುದು ನಡೆದುಬಂದ ಪದ್ಧತಿ, ಈತನಿಗೆ ಆ ದಿನ ಈ ಹೊಸ್ತಿಲೇ ಇಲ್ಲ, ಸಂತೇಬೆನ್ನೂರಿನಿಂದ ಬೇರೆ ಮೇಸ್ತ್ರಿ ಕರೆಸುತ್ತೇನೆ ಅಂದರು. ಇದೇ ಬೀದಿಯಲ್ಲಿ ಇನ್ನೂ ಎರಡು ಮನೆಗೆ ಪಾಪಣ್ಣನನ್ನೇ ಮಾತಾಡಿದ್ದರು. ಆ ಎರಡೂ ಮನೆಯವರಿಗೆ ಬೆಳಿಗ್ಗೆಯೇ ಫೋನು ಹೋಗಿತ್ತು. ಪಾಪಣ್ಣ ಒಂದು ಮಾತೂ ಆಡಲಿಲ್ಲ. ಶೀಟಿನಲ್ಲಿ ಹಾಗಿತ್ತು ಎಂದು ಅವನು ಅಂದಿದ್ದರೆ ಗುರುಬಸವರಾಜನ ಬಳಿ ಮೂರು ಉತ್ತರಗಳಿದ್ದವು. ತಿರುಗಿ ಬೈಯುವವನಿಗೆ ತಿರುಗಿ ಬೈಯಬಹುದು, ಸುಮ್ಮನೆ ಕೂತವನನ್ನು ಏನು ಮಾಡುವುದು? ಅಷ್ಟರಲ್ಲಿ ಸಾವಂತ್ರಮ್ಮ ಚಹಾ ತಂದರು. ಗಂಡನಿಗೂ ಗುರುಬಸವರಾಜನಿಗೂ ಸ್ಟೀಲಿನ ಲೋಟ, ಪಾಪಣ್ಣನಿಗೆ ಕಾಗದದ ಕಪ್ಪು. ಏಳು ತಿಂಗಳಿಂದ ಹೀಗೇ. ಇದನ್ನು ಗುರುಬಸವರಾಜ್ ನೋಡಿರಲಿಲ್ಲವೆಂದಲ್ಲ, ನೋಡಿ ಚಹಾ ಕುಡಿದಿದ್ದ. ಇವತ್ತು ಲೋಟ ಕೈಗೆ ಬಿಸಿಯಾಯಿತು. ನೋಡ್ರಿ ಇಂಜಿನಿಯರ್ರೆ, ನೀವೇ ಹೇಳ್ರಿ ತಪ್ಪು ಯಾರದು ಅಂತ, ಎಂದರು ಮಹೇಶ್ವರಪ್ಪ. ಮೂರರಲ್ಲಿ ಮೊದಲನೆಯ ಉತ್ತರ ಹೇಳೋಣವೆಂದು ಬಾಯಿ ತೆರೆದ.

"ಬಾಣ ನಾನೇ ಉಲ್ಟಾ ಹಾಕಿದ್ದೆ" ಅಂದ. ಸೀನು ಬಂದ ಹಾಗೆ ಬಂತು, ತಡೆಯಲಾಗಲಿಲ್ಲ.

ಮಹೇಶ್ವರಪ್ಪ ಅವನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಅವರ ಕಣ್ಣು ತೇವವಾದವು. ಬಕೆಟ್ಟು ಕೆಳಗಿಟ್ಟು ಅವನ ಎರಡೂ ಕೈ ಹಿಡಿದುಕೊಂಡರು. ಎಂಥ ದೊಡ್ಡ ಗುಣ, ಕೂಲಿಯವನ ಹೊಟ್ಟೆಪಾಡು ಕೆಡಬಾರದೆಂದು ಅವನ ತಪ್ಪನ್ನು ತನ್ನ ಮೈಮೇಲೆ ಎಳೆದುಕೊಳ್ಳುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದರು. ಪಾಪಣ್ಣನ ಕಡೆ ತಿರುಗಿ, ನೋಡಿ ಕಲಿ, ಅಂದರು. ಗುರುಬಸವರಾಜ್ ಗಾಬರಿಯಾದ. ಇಲ್ಲ ಯಜಮಾನ್ರೆ, ನಿಜವಾಗಿಯೂ ನನ್ನದೇ ತಪ್ಪು ಎಂದಷ್ಟೂ ಅವರ ಭಕ್ತಿ ಹೆಚ್ಚಿತು. ಕೊನೆಗೆ, ತೋರಿಸ್ತೀನಿ ಇರ್ರಿ ಎಂದು ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ನೀರಿನ ಟ್ಯಾಂಕಿನ ನೆರಳಲ್ಲಿ ತೆರೆದು, ನಕ್ಷೆ ಕಾಣಿಸಿದ. ಬಾಣ ಪೈಪಿನ ಕಡೆಗೆ ಮುಖ ಮಾಡಿ ಸಾಧುವಾಗಿ ನಿಂತಿತ್ತು. ತಾನು ಬೆಳಿಗ್ಗೆ ಮಾಡಿದ ಘನಕಾರ್ಯ ಅವನಿಗೆ ಆಗ ನೆನಪಾಯಿತು. ಮಹೇಶ್ವರಪ್ಪ ಬೆರಳಿಟ್ಟು ತೋರಿಸಿದರು, ಸಾವಂತ್ರಮ್ಮನನ್ನೂ ಕರೆದು ತೋರಿಸಿದರು. ಇಂಜಿನಿಯರ್ರ ಬಾಣ ಸರಿಯಾಗೇ ಇದೆಯಲ್ಲ! ಇದು ಬೆಳಿಗ್ಗೆ ತಿರುಗಿಸಿದ್ದು, ಮೊದಲು ಹೀಗಿರಲಿಲ್ಲ ಎಂದು ಗುರುಬಸವರಾಜ್ ತೊದಲಿದ. ಹಿಂದಕ್ಕೆ ಹೋಗುವ ಗುಂಡಿಯನ್ನು ನಾಲ್ಕೈದು ಸಲ ಒತ್ತಿದ. ಮುಚ್ಚಿ ತೆರೆದ ನಕ್ಷೆ ಹಿಂದಕ್ಕೆ ಹೋಗುವುದಿಲ್ಲ. ಇಷ್ಟು ವರ್ಷ ಎಷ್ಟೋ ಸುಳ್ಳನ್ನು ಅವನು ಗಂಟಲು ಸರಿಮಾಡಿಕೊಂಡು ನಿರಾಳವಾಗಿ ಹೇಳಿದ್ದ. ಜನ್ಮದಲ್ಲಿ ಒಂದು ಸಲ ನಿಜ ಹೇಳಲು ಹೋದರೆ ನಾಲಗೆ ಕಳ್ಳನ ಹಾಗೆ ತಡವರಿಸಿತು, ಅವನ ಸ್ವಂತ ಯಂತ್ರವೇ ಅವನ ವಿರುದ್ಧ ಸಾಕ್ಷಿ ಹೇಳಿತು. ಅವನು ಮಹಾತ್ಮನಾಗುತ್ತಿದ್ದ, ಪಾಪಣ್ಣ ಇನ್ನಷ್ಟು ಕೆಟ್ಟವನಾಗುತ್ತಿದ್ದ. ಇದಕ್ಕಿಂತ ಸುಮ್ಮನಿದ್ದಿದ್ದರೇ ಚೆನ್ನಾಗಿತ್ತು ಎಂದು ಅತ್ತುಬಿಡುವ ಹಾಗಾಯಿತು.

ಪಾಪಣ್ಣ ಮೊಣಕಾಲು ಹಿಡಿದು ಎದ್ದ. ಬಂದು ಲ್ಯಾಪ್‌ಟಾಪನ್ನು ಬಗ್ಗಿ ನೋಡಿದ. ಮೊದಲ ಸಲ ಬಾಯಿ ಬಿಟ್ಟ.

"ಬಾಣ ಉಲ್ಟಾನೇ ಇತ್ತು ಯಜಮಾನ್ರೆ. ಪೈಪು ಅತ್ಲಾಗೆ, ಬಾಣ ಇತ್ಲಾಗೆ. ಗಾರೆ ಕಲಸೋ ಹೊತ್ತಿಗೇ ನಂಗೆ ಗೊತ್ತಾಗಿತ್ತು. ಗೊತ್ತಿದ್ದೇ ಹಾಕಿದೆ."

ಯಾಕೋ ಎಂದು ಮಹೇಶ್ವರಪ್ಪ ಕೂಗಿದರು. ಪಾಪಣ್ಣ ಗುರುಬಸವರಾಜನ ಕಡೆ ನೋಡಲಿಲ್ಲ. ಸಾವಂತ್ರಮ್ಮನ ಕಾಲಿನ ಕಡೆ ನೋಡುತ್ತ, ನೀರು ಒಳಗೆ ಬರಲಿ, ಆಗ ಇವರಿಗೆ ಗೊತ್ತಾಗಲಿ ಅಂತಲೇ ಮಾಡಿದೆ, ಮಾಡಿದ ದಿನ ಹೊಟ್ಟೆ ತಣ್ಣಗಾಗಿತ್ತು, ಆಮೇಲೆ ನಿದ್ದೆ ಬರಲಿಲ್ಲ, ಪತ್ರಿಕೆ ತೋಯುತ್ತವೆ ಅಂತ ಮಾತ್ರ ಅಂದುಕೊಂಡಿರಲಿಲ್ಲ ಅಮ್ಮಾರೆ, ಎಂದ. ಗುರುಬಸವರಾಜನಿಗೆ ಮೈ ಉರಿಯಿತು. ಬೇಕೆಂದೇ ಮಾಡಿದನೇ! ಅದರ ಬೆನ್ನಿಗೇ ಒಂದು ವಿಚಿತ್ರ ಅಸೂಯೆಯೂ ಆಯಿತು. ಅಷ್ಟು ಕಷ್ಟಪಟ್ಟು ಒಪ್ಪಿಕೊಂಡ ತಪ್ಪಿನಲ್ಲಿ ಈತ ಅರ್ಧ ಪಾಲು ಕಿತ್ತುಕೊಂಡನಲ್ಲ. ಆಮೇಲೆ ಆ ಸಿಟ್ಟು, ಅಸೂಯೆ ಎರಡೂ ಇಳಿದು, ಅಡುಗೆಮನೆಯ ಕಿಟಕಿಯ ಎದುರು ನಿಂತು ಕತ್ತು ಒರೆಸಿಕೊಳ್ಳುತ್ತಿದ್ದ ಮನುಷ್ಯ ಮಾತ್ರ ಉಳಿದ. ಆ ದಿನ ನಾನು ಹಂಗೆ ಅನ್ನಬಾರದಿತ್ತು, ತಪ್ಪಾಯ್ತು, ಎಂದು ಗುರುಬಸವರಾಜ್ ಎಲ್ಲರ ಎದುರಿಗೇ ಹೇಳಿದ. ದನಿ ಸಣ್ಣದಾಗಿತ್ತು, ಆದರೆ ಈ ಸಲ ಯಾರೂ ಅದನ್ನು ದೊಡ್ಡ ಗುಣ ಅನ್ನಲಿಲ್ಲ. ಬೈಯಲು ಒಬ್ಬ ಬೇಕಾಗಿದ್ದ ಕಡೆ ಇಬ್ಬರು ಸಿಕ್ಕಿಬಿಟ್ಟರೆ ಬೈಯುವವನಿಗೂ ಕಷ್ಟ. ಮಹೇಶ್ವರಪ್ಪ ಟಿಕೆಟ್ಟಿಲ್ಲದ ಇಬ್ಬರನ್ನು ಒಟ್ಟಿಗೆ ಹಿಡಿದವರಂತೆ ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿದರು. ಕೊನೆಗೆ ತೀರ್ಪು ಕೊಟ್ಟವರು ಸಾವಂತ್ರಮ್ಮ.

"ಅತ್ತೆ ಮ್ಯಾಲಿನ ಕ್ವಾಪ ಕೊತ್ತಿ ಮ್ಯಾಲೆ ಅಂದಂಗಾತು. ನಿಮ್ಮಿಬ್ರ ಜಿದ್ದಿಗೆ ನನ್ನ ಪತ್ರಿಕೆ ತೋಯ್ದವು. ಇಬ್ರೂ ಕೂಡಿ ಕೆಡಿಸೀರಿ, ಇಬ್ರೂ ಕೂಡಿ ಸರಿ ಮಾಡ್ರಿ. ಬ್ಯಾರೆ ಮೇಸ್ತ್ರಿ ಗೀಸ್ತ್ರಿ ಏನೂ ಬ್ಯಾಡ."

ಇಬ್ಬರೂ ಎಂದರೆ ಇಬ್ಬರೂ. ನಾಳೆಯಿಂದ ಇಂಜಿನಿಯರೂ ಬರಬೇಕು, ನೆರಳಿನಲ್ಲಿ ನಿಂತು ಕೈ ತೋರಿಸುವುದಕ್ಕಲ್ಲ ಎಂದು ಆಕೆ ಬಿಡಿಸಿ ಹೇಳಿದರು. ಆ ಎರಡು ಮನೆಯವರಿಗೆ ನೀವೇ ಮತ್ತೆ ಫೋನು ಮಾಡಿ ನಿಜ ಹೇಳ್ರಿ ಎಂದು ಗಂಡನಿಗೂ ಹೇಳಿ ಕೆಳಗೆ ಹೋದರು. ಹಳೆಯ ಗಾರೆ ಕೀಳಲು ನಾಲ್ಕು ದಿನ ಹಿಡಿಯಿತು. ಗುರುಬಸವರಾಜ್ ಉಳಿ ಸುತ್ತಿಗೆ ಹಿಡಿದ. ಮೊದಲ ದಿನ ಉಳಿಗಿಂತ ಹೆಬ್ಬೆರಳಿಗೇ ಹೆಚ್ಚು ಪೆಟ್ಟು ಬಿತ್ತು. ಕೆಲಸದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. ಆಚೆ ಮನೆಯವರು ಇಂಜಿನಿಯರ್ರಿಗೆ ಏನಾಯಿತೆಂದು ಮಹೇಶ್ವರಪ್ಪನವರನ್ನು ವಿಚಾರಿಸಿದರು. ಕೈಯಲ್ಲಿ ಬೊಬ್ಬೆ ಎದ್ದವು. ಮನೆಯಲ್ಲಿ ಶಾಂತಲಾ ಅವುಗಳಿಗೆ ಎಣ್ಣೆ ಹಚ್ಚುತ್ತ, ಇದು ಮುಗಿದ ಮೇಲೆ ನಮ್ಮ ಬಚ್ಚಲಿಗೂ ಬರ್ತೀರಾ ಎಂದು ಬಲು ಮರ್ಯಾದೆಯಿಂದ ಕೇಳಿದಳು. ಐದನೆಯ ದಿನ ವಾಟದ ಮಟ್ಟ ನೋಡಲು ಪಾಪಣ್ಣ ಉದ್ದದ ಪಾರದರ್ಶಕ ಪೈಪಿಗೆ ನೀರು ತುಂಬಿ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ತಾನು ಇನ್ನೊಂದು ತುದಿ ಹಿಡಿದು ಆ ಮೂಲೆಗೆ ಹೋದ. ಗುಳ್ಳೆ ಐತೆ ಸಾರ್, ಬೆರಳಿಂದ ತಟ್ರಿ, ಎಂದು ಅಲ್ಲಿಂದ ಕೂಗಿದ. ತಟ್ಟಿದ. ನೀರು ನಡುಗಿ ನಿಂತಿತು. ಮೂವತ್ತು ಅಡಿ ಆಚೆಗೂ ಅದು ಇಷ್ಟೇ ಎತ್ತರಕ್ಕೆ ನಿಂತಿತ್ತು. ಇದನ್ನು ಅವನು ಪುಸ್ತಕದಲ್ಲಿ ಓದಿದ್ದ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದ. ನೋಡಿರಲಿಲ್ಲ. ನೋಡುತ್ತ ನಿಂತುಬಿಟ್ಟ, ಪಾಪಣ್ಣ ಎರಡು ಸಲ ಕೂಗಬೇಕಾಯಿತು.

ಅಂದೇ ಹಾಕಿದ ಹೊಸ ಗಾರೆ ಎರಡು ದಿನ ಒಣಗಿತು. ಏಳನೆಯ ದಿನ ಬೆಳಿಗ್ಗೆ ಎಲ್ಲರೂ ತಾರಸಿಯ ಮೇಲೆ ಸೇರಿದರು. ಎಲ್ಲರೂ ಅಂದರೆ ಮಹೇಶ್ವರಪ್ಪ ಬಿಟ್ಟು. ಅವರು ಹೊಸದಾಗಿ ಅಚ್ಚು ಮಾಡಿಸಿದ ಪತ್ರಿಕೆಗಳನ್ನು ಎದೆಗವಚಿಕೊಂಡು, ಒರೆಸುವ ಬಟ್ಟೆ ಹಿಡಿದು, ಮೆಟ್ಟಿಲಿನ ಕೆಳಗೆ ಕಾವಲು ನಿಂತಿದ್ದರು. ಸಾವಂತ್ರಮ್ಮ ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ನಡುಮಧ್ಯದಲ್ಲಿ ನಿಂತರು. ಗುರುಬಸವರಾಜ್ ಗಾರೆಯನ್ನು ಈ ಕಡೆಯಿಂದ ನೋಡಿದ, ಬಗ್ಗಿ ಆ ಕಡೆಯಿಂದ ನೋಡಿದ. ಪರದೆಯ ಮೇಲಾಗಿದ್ದರೆ ಹೇಳಬಹುದಿತ್ತು. ಕಣ್ಣಿಗೆ ಎಲ್ಲ ಸಮವಾಗಿಯೇ ಕಾಣುತ್ತಿತ್ತು. ಪಾಪಣ್ಣ ಪಕ್ಕಕ್ಕೆ ಬಂದು ನಿಂತು, ಬೀಡಿಯನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾಯಿಸಿ, ಸಣ್ಣ ದನಿಯಲ್ಲಿ ಕೇಳಿದ, "ಎತ್ಲಾಗೆ ಹೋಗ್ತೈತೆ ಸಾರ್ ನೀರು?"

"ಗೊತ್ತಿಲ್ರಿ ಪಾಪಣ್ಣಾರೆ" ಎಂದ ಗುರುಬಸವರಾಜ್. ಆ 'ರಿ' ಎಲ್ಲಿಂದ ಬಂದು ಸೇರಿಕೊಂಡಿತೋ, ನಾಲಗೆಯ ಮೇಲೆ ಹೊಸದಾಗಿತ್ತು.

ಪಾಪಣ್ಣ ತಟ್ಟನೆ ಅವನ ಮುಖ ನೋಡಿದ. ಆಮೇಲೆ ಕೊಡದ ಕಡೆ ನೋಡಿದ.

"ನಂಗೂ ಗೊತ್ತಿಲ್ಲ. ಹುಯ್ದು ನೋಡಾಣ ತಡೀರಿ."